ಉಮೆಕಾಜೆಯ ತೌಡಿನ ಭರಣಿ

1928 ಜುಲೈ 3. ಬೆಳಿಗ್ಗೆ ಐದು. ಸಾಸೆಬೊ ಬಂದರು

ಕೈಯಾಡಿಸಿದ್ದಾಯಿತು. ಉಪ್ಪು ಬೆರೆಸಿ ಹುಳಿಯೆಬ್ಬಿಸಿದ ಅಕ್ಕಿ ತೌಡು: ತಳದ್ದು ಮೇಲಕ್ಕೆ, ಮೇಲಿನದು ತಳಕ್ಕೆ. ಬಲಗೈ ಮೊಣಕೈವರೆಗೂ ಒಳಗೆ. ಹುಳಿ ಹದವಾಗಿದೆ. ಉಪ್ಪಿನಕಾಯಿಗೆಂದು ನಿನ್ನೆ ಅದರಲ್ಲಿ ಹೂತಿಟ್ಟ ಸೌತೆಕಾಯಿ ತೆಗೆದು ಕಡಿದು ನೋಡಿದೆ — ಪರವಾಗಿಲ್ಲ. ಇನ್ನೂ ಜೀವವಿದೆ.

ಭರಣಿ ಮತ್ತೆ ಅಕ್ಕಿ ಮೂಟೆಗಳ ಹಿಂದೆ. ಎಷ್ಟು ಸೋಪು ಹಚ್ಚಿದರೂ ಕೈಗೆ ಉಪ್ಪಿನಕಾಯಿ ನಾತ. ಇದೇ ಕೈಯಲ್ಲಿ ಕಪ್ತಾನ್ ಟೊಕುನಾಗರಿಗೆ ಚಹಾ ಕೊಟ್ಟೆ. ಮೂಗು ಅರಳಿಸಿದರು, ಕುಡಿದರು. ಡೆಸ್ಟ್ರಾಯರ್ ಯುದ್ಧಹಡಗಿನಲ್ಲಿ ಅಡುಗೆಯವನ ಸ್ವಂತ ಭರಣಿಗೆ ಜಾಗವಿಲ್ಲ. ಸಿಕ್ಕಿಬಿದ್ದರೆ ಸಮುದ್ರಕ್ಕೆ. ಭರಣಿ ಖಂಡಿತ, ನಾನು ಬಹುಶಃ.

ಎಲ್ಲ ಆ ಶಿಗೆಯಮ್ಮನ ಕೃಪೆ. ಮಾರ್ಚ್ ರಜೆಯಲ್ಲಿ ನಮ್ಮೂರು ವಕಮಾತ್ಸುವಿಗೆ ಹೋಗಿ, ಹೊಸ ಯೂನಿಫಾರ್ಮ್ ಹಾಕಿಕೊಂಡು, ನಿಮ್ಮ ಮಗಳು ಕಿನುವನ್ನು ಕೊಡಿ ಎಂದು ಕೇಳಿದೆ. ಶಿಗೆಯಮ್ಮ ಕೊಟ್ಟದ್ದು ಹುಡುಗಿಯನ್ನಲ್ಲ, ಭರಣಿಯನ್ನು.

“ನೋಡಪ್ಪಾ, ನಮ್ಮಜ್ಜಿ ಕಾಲದ ತೌಡು ಇದು. ಅರ್ಧ ನಿನಗೆ. ದಿನಾ ಕೈ ಹಾಕಿ ಆಡಿಸ್ಬೇಕು, ಬಿಟ್ರೆ ಮುನಿಸ್ಕೊಳ್ಳತ್ತೆ, ಇನ್ನೂ ಬಿಟ್ರೆ ಸತ್ತೇ ಹೋಗತ್ತೆ. ಮುಂದಿನ ವರ್ಷ ಜೀವಂತ ತಂದು ತೋರ್ಸು, ಮಗಳನ್ನ ಕೊಡ್ತೀನಿ. ತೌಡು ಸಾಕಕ್ಕಾಗದೋನು ಹೆಂಡ್ತಿ ಏನು ಸಾಕ್ತೀಯ.”

ಕಾಗದದ ಬಾಗಿಲಿನ ಹಿಂದೆ ಕಿನು ಕಿಸಕ್ಕನೆ ನಕ್ಕದ್ದು ಕೇಳಿಸಿತು. ಆ ನಗುವಿಗಾಗಿ ಈ ನಾತ ಸಹಿಸುತ್ತಿದ್ದೇನೆ.

ಜುಲೈ 9

ಸಿಕ್ಕಿಬಿದ್ದೆ.

ಡೆಕ್ಕಿನ ಮೇಸ್ತ್ರಿ ಒನಿಜುಕಾ ಎರಡು ದಿನದಿಂದ ಸತ್ತ ಇಲಿ ಹುಡುಕುತ್ತಿದ್ದ. ಇವನ ಒಂದು ಕೂಗಿಗೆ ಹೊಸ ನಾವಿಕರು ಕಂಬ ಹತ್ತುತ್ತಾರೆ. ಹುಬ್ಬುಗಳೇ ಅರ್ಧ ಮುಖ. ಮೂಸುತ್ತ ಮೂಸುತ್ತ ಉಗ್ರಾಣಕ್ಕೆ ಬಂದ, ಮೂಟೆ ಸರಿಸಿದ, ಮುಚ್ಚಳ ತೆಗೆದ.

“ಲೋ ಕಬಶಿಮಾ, ಯಾರದೋ ಇದು ಹೆಣ?”

ಕೈ ಹಾಕಿ ಒಂದು ಬದನೆಕಾಯಿ ತೆಗೆದು, ತೊಳೆದು, ಹೆಚ್ಚಿ ಮುಂದಿಟ್ಟೆ. ತಿಂದ. ಇನ್ನೊಂದು ಕೇಳಿದ. ಅನ್ನ ಕೇಳಿದ. ಅನ್ನದ ಮೇಲೆ ಚಹಾ ಸುರಿದುಕೊಂಡು ಮೂರನೆಯದನ್ನೂ ಮುಗಿಸಿದ. ಆಮೇಲೆ ರುಚಿ ಪರವಾಗಿಲ್ಲ, ಬಣ್ಣ ಕೆಟ್ಟಿದೆ ಎಂದ. ಅವನಮ್ಮ ತೌಡಿನೊಳಗೆ ತುಕ್ಕು ಹಿಡಿದ ಮೊಳೆ ಹಾಕುತ್ತಿದ್ದಳಂತೆ, ಬದನೆ ನೇರಳೆಯಾಗಿಯೇ ಉಳಿಯುತ್ತಿತ್ತಂತೆ. ಅದು ಯಾರಿಗೆ ಗೊತ್ತಿಲ್ಲ. ಶಿಗೆಯಮ್ಮನೂ ಒಂದು ಹಾಕಿಕೊಟ್ಟಿದ್ದರು, ತುಕ್ಕು ತಿಂದು ತಿಂದು ಕರಗಿಹೋಯಿತು ಎಂದೆ.

ಸಂಜೆ ಬಂದು ನನ್ನ ಅಂಗೈ ಮೇಲೆ ಒಂದು ರಿವೆಟ್ ಇಟ್ಟ, ತಗಡುಗಳನ್ನು ಬೆಸೆಯುವ ಕಬ್ಬಿಣದ ಗೂಟ. ಹೆಬ್ಬೆರಳಿಗಿಂತ ದಪ್ಪ, ಅಣಬೆಯಂಥ ತಲೆ. ಎಲ್ಲಿಂದ ಎಂದು ಕೇಳಿದೆ.

“ಹಡಗಿಂದು. ಒಂದು ರಿವೆಟ್ ಹೋದ್ರೆ ಹಡಗೇನು ಮುಳುಗಲ್ಲ.”

ಜುಲೈ 12

ಮಳೆ. ಅಡುಗೆಮನೆಯ ಎಡಮೂಲೆ ತೊಟ್ಟಿಕ್ಕುತ್ತಿದೆ. ಮೊದಲು ತೊಟ್ಟಿಕ್ಕುತ್ತಿರಲಿಲ್ಲ. ಒನಿಜುಕಾನನ್ನು ನೋಡಿದೆ. ಅವನು ಆಕಾಶ ನೋಡಿದ. ತೊಟ್ಟಿಕ್ಕುವಲ್ಲಿ ಪಾತ್ರೆ ಇಟ್ಟಿದ್ದೇನೆ. ಬದನೆಕಾಯಿ ಮಾತ್ರ ಕಣ್ಣಿಗೆ ಹಬ್ಬ.

ಆಗಸ್ಟ್ 1

ಹಡಗಿಗೆ ಇಂದು ನಾಮಕರಣ. ಇಷ್ಟು ದಿನ ಬರೀ ಮೂವತ್ತಮೂರನೇ ನಂಬರ್. ಹೆಂಗಸರಿಗೆ ಮೂವತ್ತಮೂರನೇ ವಯಸ್ಸು ಕೇಡಿನದು ಎಂದು ಬಂದರಿನ ಮುದುಕಿಯರು ನಮ್ಮನ್ನು ಕಂಡರೆ ಲೊಚಗುಟ್ಟುತ್ತಿದ್ದರು. ಇಂದಿನಿಂದ ಉಮೆಕಾಜೆ. ಉಮೆ, ಅಂದರೆ ಪ್ಲಮ್ ಹೂವಿನ ಮೇಲಿಂದ ಬೀಸುವ ಗಾಳಿ. ಹಡಗುಪಕ್ಕೆಗೆ ಬಣ್ಣದಲ್ಲಿ ಬರೆದರು. ಕಪ್ತಾನ್ ಭಾಷಣ ಮಾಡಿದರು: ಈ ಪರಿಮಳ ಏಳು ಸಮುದ್ರಕ್ಕೂ ಹರಡಲಿ.

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಪರಿಮಳ ಆಗಲೇ ಹರಡಿದೆ. ಉಗ್ರಾಣದ ಬಾಗಿಲು ಸರಿಯಾಗಿ ಮುಚ್ಚಬೇಕು.

ಆಗಸ್ಟ್ 21

ಇನ್ಸ್‌ಪೆಕ್ಷನ್ ಅಂತೆ. ನಾಡಿದ್ದು. ದಳಪತಿಗಳೇ ಬರುತ್ತಾರಂತೆ, ಬಿಳಿ ಕೈಗವಸು ಹಾಕಿಕೊಂಡು. ಪೈಪಿನ ಹಿಂದೆ, ಮಂಚದ ಕೆಳಗೆ, ಕಡಾಯಿಯ ತಳದಲ್ಲಿ ಬೆರಳು ಆಡಿಸುತ್ತಾರೆ. ಬೆರಳು ಕಪ್ಪಾದರೆ ಹಡಗಿನ ಮಾನ ಹೋಯಿತು. ನನ್ನ ಭರಣಿಯೊಳಗೆ ಬೆರಳು ಹೋದರೆ... ಬರೆಯಲಾರೆ.

ಅಕ್ಕಿ ಮೂಟೆಗಳನ್ನೂ ಸರಿಸಿ ನೋಡುತ್ತಾರಂತೆ. ಎಲ್ಲಿಡಲಿ?

ಆಗಸ್ಟ್ 23. ಸಂಜೆ

ಬುದ್ಧಿ ಉಪಯೋಗಿಸಿದೆ. ಉಪಯೋಗಿಸಬಾರದಿತ್ತು.

ಇಡೀ ಹಡಗಿನಲ್ಲಿ ಕೈಗವಸು ಮುಟ್ಟದ ಜಾಗ ಒಂದೇ, ದೇವರಗೂಡು. ಪವಿತ್ರ ವಸ್ತುವಿಗೆ ಕಟ್ಟುವ ಹಾಗೆ ಭರಣಿಗೆ ಹೊಸ ಹುಲ್ಲಿನ ಹಗ್ಗ ಸುತ್ತಿದೆ, ಬಿಳಿ ಕಾಗದ ಕತ್ತರಿಸಿ ಇಳಿಬಿಟ್ಟೆ, ದೇವರಗೂಡಿನ ಪಕ್ಕ ಇಟ್ಟೆ. ಒಂದು ಗಂಟೆಯ ಮಾತು ಎಂದುಕೊಂಡೆ.

ದಳಪತಿಗಳು ಬಂದರು. ಎಲ್ಲ ಮುಟ್ಟಿದರು. ಬೆರಳು ಬೆಳ್ಳಗೇ ಉಳಿಯಿತು. ದೇವರಗೂಡಿನ ಮುಂದೆ ನಿಂತರು, ಭರಣಿ ನೋಡಿದರು. ಕೈಗವಸು ತೆಗೆದರು, ಪೂಜೆಯ ಕ್ರಮದಂತೆ ಎರಡು ಸಲ ಬಗ್ಗಿದರು, ಎರಡು ಸಲ ಚಪ್ಪಾಳೆ ತಟ್ಟಿದರು, ಮತ್ತೊಮ್ಮೆ ಬಗ್ಗಿದರು. ಅವರ ಹಿಂದೆ ಕಪ್ತಾನ್ ಬಗ್ಗಿದರು. ಅವರ ಹಿಂದೆ ಅಧಿಕಾರಿಗಳೆಲ್ಲ. ಒನಿಜುಕಾ ಬಗ್ಗಿದವನು ಬಹಳ ಹೊತ್ತು ಮೇಲೇಳಲಿಲ್ಲ, ಭುಜ ಕುಲುಕುತ್ತಿತ್ತು.

ಹೊಸ ಹೆಸರಿನ ಹಡಗಿಗೆ ಪವಿತ್ರ ಜಲದ ಭರಣಿ ತರಿಸಿದ್ದಾರೆ, ಇಂಥ ಶ್ರದ್ಧೆ ಬೇರೆ ಹಡಗುಗಳಲ್ಲಿ ಕಾಣಲಿಲ್ಲ ಎಂದು ದಳಪತಿಗಳು ಹೊಗಳಿದರಂತೆ. ಕಪ್ತಾನರಿಗೆ ಯಾರು ತಂದಿಟ್ಟರೆಂದೇ ಗೊತ್ತಿಲ್ಲ. ಹೊಗಳಿಕೆಯನ್ನು ವಾಪಸು ಕೊಡುವುದು ಹೇಗೆ? ಮಧ್ಯಾಹ್ನವೇ ಆಜ್ಞೆ ಹೊರಟಿತು. ಭರಣಿಯನ್ನು ಯಾರೂ ಮುಟ್ಟಕೂಡದು. ದಿನವೂ ಬೆಳಿಗ್ಗೆ ಕಪ್ತಾನರೇ ಅದರ ಮುಂದೆ ಒಂದು ಬಟ್ಟಲು ಸಾಕೆ, ಅಕ್ಕಿಯ ಮದ್ಯ, ನೈವೇದ್ಯ ಇಡುತ್ತಾರೆ.

ಈ ಸೆಕೆಯಲ್ಲಿ ಕೈಯಾಡಿಸದೆ ಎಷ್ಟು ದಿನ ತಡೆದೀತು.

ಆಗಸ್ಟ್ 26

ತಡೆಯುತ್ತಿಲ್ಲ. ದೇವರಗೂಡಿನ ಹತ್ತಿರ ಹೋದರೆ ಕಣ್ಣು ಉರಿಯುತ್ತದೆ. ನಾವಿಕರು ದೇವರು ಉಗ್ರವಾಗಿದ್ದಾನೆ ಎನ್ನುತ್ತಿದ್ದಾರೆ. ನನಗೆ ಗೊತ್ತು, ಮೇಲೆ ಬಿಳಿ ಪದರ ಕಟ್ಟಿದೆ. ಇನ್ನೆರಡು ದಿನ ಹೀಗೇ ಬಿಟ್ಟರೆ ತೌಡು ಸತ್ತ ಹಾಗೆ, ಕಿನು ಇನ್ನೊಬ್ಬನ ಮನೆ ಸೇರಿದ ಹಾಗೆ. ಕಿನುವನ್ನು ಕೇಳಿಕೊಂಡು ಬರುವ ಆ ಕಲ್ಲಿದ್ದಲು ಕಂಪನಿಯ ಗುಮಾಸ್ತನ ಮೇಲೆ ಶಿಗೆಯಮ್ಮನಿಗೆ ಮೊದಲಿನಿಂದಲೂ ಒಂದು ಕಣ್ಣಿದೆ. ಅನ್ನ ಸೀದುಹೋಯಿತು ಇವತ್ತು. ಯಾರೂ ಬೈಯಲಿಲ್ಲ. ನನ್ನ ಮುಖ ನೋಡಿರಬೇಕು.

ಒನಿಜುಕಾನ ಹತ್ತಿರ ಹೋಗಿ ಅತ್ತೇಬಿಟ್ಟೆ. ಅವನು ತಲೆ ಕೆರೆದುಕೊಂಡು ಹೇಳಿದ:

“ಅಳೋದ್ಯಾಕೋ. ದೇವರಿಗೆ ಒಬ್ಬ ಪೂಜಾರಿ ಬೇಡ್ವಾ?”

ಆಗಸ್ಟ್ 27. ಬೆಳಿಗ್ಗೆ

ನಾನೀಗ ಪೂಜಾರಿ. ಒನಿಜುಕಾ ಕಪ್ತಾನರ ಮುಂದೆ ನಿಂತು, ಕಬಶಿಮಾನ ಸೋದರಮಾವ ದೇವಸ್ಥಾನದಲ್ಲಿದ್ದಾನೆ, ವಂಶದಲ್ಲೇ ಮಡಿ ಇದೆ ಎಂದನಂತೆ. ನನ್ನ ಸೋದರಮಾವ ದೇವಸ್ಥಾನದ ಎದುರು ಶ್ಯಾವಿಗೆ ಮಾರುತ್ತಾನೆ. ಅದನ್ನು ಅವನು ಹೇಳಲಿಲ್ಲ.

ಕಪ್ತಾನ್ ಒಪ್ಪಿದರು, ಒಂದು ಷರತ್ತಿನ ಮೇಲೆ. ಭರಣಿ ಮುಟ್ಟುವ ಮೊದಲು ದಿನವೂ ಡೆಕ್ಕಿನ ಮೇಲೆ ಸಮುದ್ರದ ನೀರು ಸುರಿದುಕೊಂಡು ಶುದ್ಧನಾಗಬೇಕು. ಆಗಸ್ಟ್‌ನಲ್ಲಿ ಸುಖ. ಜನವರಿಯ ಮಾತು ಜನವರಿಗೆ.

ಪರದೆ ಎಳೆದು ಮುಚ್ಚಳ ತೆಗೆದೆ. ಮೇಲಿನ ಪದರ ಕೆರೆದು ಹಾಕಿದೆ, ಸಾಸಿವೆ ಪುಡಿ, ಉಪ್ಪು, ಹೊಸ ತೌಡು ಸೇರಿಸಿದೆ. ನೈವೇದ್ಯದ ಸಾಕೆ ಚೆಲ್ಲುವಂತಿಲ್ಲ, ಅದನ್ನೂ ಒಳಗೇ ಸುರಿದೆ, ಇನ್ನು ದಿನವೂ ಹೀಗೆಯೇ. ತಳಕ್ಕೆ ಕೈ ಹೋದಾಗ ರಿವೆಟ್ ಬೆರಳಿಗೆ ತಗಲಿತು. ತಣ್ಣಗಿತ್ತು. ಅಲ್ಲಿ ತೌಡು ಇನ್ನೂ ಚೆನ್ನಾಗಿದೆ. ಕ್ಷಮಿಸು ಎಂದೆ. ಯಾರಿಗೆ ಹೇಳಿದೆನೋ ಗೊತ್ತಿಲ್ಲ.

ಅಕ್ಟೋಬರ್ 14. ವಕಮಾತ್ಸು

ರಜೆ. ಬರಿಗೈಲಿ ಬಂದಿದ್ದೇನೆ. ದೇವರನ್ನು ರಜೆಗೆ ಕರೆದೊಯ್ಯಲು ಬರುವುದಿಲ್ಲ, ಗುಟ್ಟಾಗಿ ಕೈಯಾಡಿಸಲು ಒನಿಜುಕಾನಿಗೆ ಹೇಳಿ ಬಂದಿದ್ದೇನೆ. ನಡೆದದ್ದನ್ನೆಲ್ಲ ಹೇಳಿದೆ. ಕಿನು ಬಾಯಿಗೆ ಕಿಮೋನೊ ತೋಳು ಅಡ್ಡ ಹಿಡಿದು ನಕ್ಕು ನಕ್ಕು ಅಡುಗೆಮನೆಗೆ ಓಡಿಹೋದಳು. ಶಿಗೆಯಮ್ಮ ನಗಲಿಲ್ಲ. ತಮ್ಮ ಭರಣಿಯಲ್ಲಿ ಕೈಯಾಡಿಸುತ್ತಲೇ ಕೇಳಿದರು, ಕೊನೆಗೆ ಕೈ ಒರೆಸಿಕೊಂಡು, ಕಥೆ ಚೆನ್ನಾಗಿದೆ ಎಂದರು. ಕಣ್ಣಲ್ಲಿ ನೋಡದೆ, ನಾಲಿಗೆ ಮೇಲೆ ಇಡದೆ ಮಗಳನ್ನು ಕೊಡುವುದಿಲ್ಲವಂತೆ. ಕಲ್ಲಿದ್ದಲು ಗುಮಾಸ್ತ ನಿನ್ನೆ ತಾನೇ ಬಂದು ಹೋದನಂತೆ, ಕಿತ್ತಳೆ ಹಣ್ಣು ತಂದಿದ್ದನಂತೆ.

ಕಿತ್ತಳೆ ನನಗೂ ಒಂದು ಕೊಟ್ಟರು. ಹುಳಿ.

1929 ಜನವರಿ 8

ಸಮುದ್ರದ ನೀರು. ಕೈ ನಡುಗಿ ಬರೆಯಲಾಗು

1929 ಮೇ 27

ನೌಕಾದಿನ. ಉಮೆಕಾಜೆ ವಕಮಾತ್ಸುವಿನಲ್ಲಿ ಲಂಗರು ಹಾಕಿತು. ಊರಿನವರೆಲ್ಲ ಹಡಗು ನೋಡಲು ಬಂದರು. ಮಕ್ಕಳು ತೋಪಿನ ಮೇಲೆ ಕೂತರು, ಮುದುಕರು ಟಾರ್ಪೆಡೊ ಸವರಿದರು. ಬೆಳಿಗ್ಗೆ ಹತ್ತರ ಹೊತ್ತಿಗೆ ಏಣಿಯ ಮೇಲೆ ಒಂದು ಕಪ್ಪು ಕಿಮೋನೊ ಕಾಣಿಸಿತು. ಶಿಗೆಯಮ್ಮ. ಹಿಂದೆ ಕಿನು, ಮುಖ ಬಿಳಿಚಿಕೊಂಡಿತ್ತು.

ತೋಪು ನೋಡಲಿಲ್ಲ, ಟಾರ್ಪೆಡೊ ನೋಡಲಿಲ್ಲ. ದೇವರಗೂಡು ಎಲ್ಲಿ ಎಂದು ಒನಿಜುಕಾನನ್ನು ಕೇಳಿದರು. ಇಡೀ ಹಡಗನ್ನು ನಡುಗಿಸುವ ಒನಿಜುಕಾ ಬಾಯಿ ತೆರೆಯದೆ ಕೈ ತೋರಿಸಿದ. ನಾನು ಓಡಿ ಅಡ್ಡ ನಿಲ್ಲುವುದರೊಳಗೆ ಹಗ್ಗ ಬಿಚ್ಚಿ ಕಾಗದ ಪಕ್ಕಕ್ಕಿಟ್ಟಾಗಿತ್ತು. ಕಿಮೋನೊದ ತೋಳು ಮಡಿಸಿ ಕಟ್ಟಿಕೊಂಡು, ಬಗ್ಗಿ, ಕೈಯನ್ನು ಮೊಣಕೈವರೆಗೂ ಇಳಿಸಿಬಿಟ್ಟರು.

ಕಪ್ತಾನ್ ಟೊಕುನಾಗ ಅಲ್ಲೇ ನಿಂತಿದ್ದರು. ಊರಿನ ಮುಖ್ಯಸ್ಥರಿಗೆ ಪವಿತ್ರ ಭರಣಿಯ ಮಹಿಮೆ ಹೇಳುತ್ತಿದ್ದರು. ಮಾತು ಅರ್ಧಕ್ಕೇ ನಿಂತಿತು. ಶಿಗೆಯಮ್ಮ ಮೊದಲು ರಿವೆಟ್ ಹೊರತೆಗೆದರು, ತಿರುಗಿಸಿ ನೋಡಿದರು, ಒಳಗೆ ಹಾಕಿದರು. ಆಮೇಲೆ ಒಂದು ಮೂಲಂಗಿ. ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಡೆಕ್ಕಿನ ಮೇಲೆ ಅಗಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

“ಇದಕ್ಕೆ ಸಾಕೆ ಹಾಕ್ತಿರೋರು ಯಾರು?”

“ನಾನು,” ಎಂದರು ಕಪ್ತಾನ್.

“ಅರ್ಧ ಬಟ್ಟಲು ಸಾಕು ಕಣಪ್ಪ. ತೌಡಿಗೆ ಅಮಲೇರಿದೆ.”

ಕಪ್ತಾನ್ ನನ್ನ ಕಡೆ ತಿರುಗಿದರು. ಮುಖದಲ್ಲಿ ಒಂದೊಂದೇ ಸಂಗತಿ ಅರ್ಥವಾಗುತ್ತಿದ್ದುದು ಕಾಣುತ್ತಿತ್ತು. ನನ್ನ ಕೈಯ ನಾತ, ಚಹಾ, ಉಗ್ರ ದೇವರು, ಎಲ್ಲ. ಇಷ್ಟು ತಿಂಗಳು ಉಪ್ಪಿನಕಾಯಿ ಭರಣಿಗೆ ಬಗ್ಗಿದೆನೇ ಎಂದು ಮೆಲ್ಲಗೆ ಕೇಳಿದರು. ಉತ್ತರ ಕೊಟ್ಟದ್ದು ಶಿಗೆಯಮ್ಮ.

“ನಾನು ಮದುವೆಯಾದಾಗಿಂದ ದಿನಾ ಬಗ್ತಿದೀನಿ. ಬಗ್ಗದೆ ಇದರ ತಳಕ್ಕೆ ಕೈ ಮುಟ್ಟಲ್ಲ.”

ಕಪ್ತಾನ್ ಉಳಿದ ಅರ್ಧ ಮೂಲಂಗಿಗೆ ಕೈ ಚಾಚಿದರು. ತಿಂದು ಮುಗಿಸಿ ತೀರ್ಪು ಹೇಳಿದರು. ಭರಣಿ ಪವಿತ್ರ ಎಂದು ದಳಕ್ಕೆ ವರದಿ ಹೋಗಿದೆ, ದೇವರನ್ನು ಕೆಳಗಿಳಿಸಿದೆವು ಎಂದು ಮತ್ತೆ ಬರೆಯುವ ಧೈರ್ಯ ಅವರಿಗಿಲ್ಲ, ಆದ್ದರಿಂದ ಭರಣಿ ಹಡಗಿನಲ್ಲೇ ಇರತಕ್ಕದ್ದು. ಒಳಗಿನದನ್ನು ಎಲ್ಲರಿಗೂ ಬಡಿಸತಕ್ಕದ್ದು. ನನ್ನ ಸಮುದ್ರಸ್ನಾನ ಮುಂದುವರಿಯತಕ್ಕದ್ದು, ಅದು ಶಿಕ್ಷೆ.

ಇಳಿಯುವಾಗ ಶಿಗೆಯಮ್ಮ ನನ್ನನ್ನು ಹತ್ತಿರ ಕರೆದರು. ಉಪ್ಪು ಜಾಸ್ತಿ, ಆದರೆ ಜೀವ ಇದೆ ಎಂದರು. ಶರತ್ಕಾಲದಲ್ಲಿ ಒಳ್ಳೆ ದಿನ ನೋಡಿಸುತ್ತಾರಂತೆ. ಬದುಕಿದೆ. ಭರಣಿಯೂ, ನಾನೂ.

1929 ನವೆಂಬರ್ 10

ಮದುವೆಯಾಯಿತು. ಒನಿಜುಕಾ ಕುಡಿದು ಅತ್ತ. ಕಿನು ನನ್ನ ಕೈ ಮೂಸಿ, ಅಮ್ಮನ ಕೈ ವಾಸನೆ ಎಂದಳು. ಇದಕ್ಕೆ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ. ಪಟ್ಟೆ.

1932 ಡಿಸೆಂಬರ್ 1

ಕಪ್ತಾನ್ ಟೊಕುನಾಗರಿಗೆ ದೊಡ್ಡ ಹಡಗಿಗೆ ಬಡ್ತಿ. ಹೋಗುವ ಮೊದಲು ಬಿಸ್ಕತ್ತಿನ ಖಾಲಿ ಡಬ್ಬಿ ಹಿಡಿದು ಅಡುಗೆಮನೆಗೆ ಬಂದರು. ಕೇಳಲು ನಾಚಿಕೆ. ನಾನೇ ತೌಡು ತುಂಬಿಕೊಟ್ಟೆ. ದಿನಾ ಕೈಯಾಡಿಸಬೇಕು, ಬೇರೆಯವರಿಗೆ ಹೇಳಿ ಮಾಡಿಸಬಾರದು ಎಂದೆ. ಆಗಲಿ ಎಂದರು. ಕಪ್ತಾನರಿಗೆ ಆಜ್ಞೆ ಮಾಡಿದ್ದು ಜೀವಮಾನದಲ್ಲಿ ಇದೊಂದೇ ಸಲ.

ನನಗೂ ವರ್ಗಾವಣೆ ಬಂದಿತ್ತು. ‘ಈತನಿಲ್ಲದೆ ಹಡಗು ನಡೆಯದು’ ಎಂದು ಬರೆದು ವಾಪಸು ಕಳಿಸಿದ್ದಾರೆ. ಇಂಜಿನ್ ರೂಮಿನವರಿಗೆ ಬೇಸರವಾಗಿದೆ.

1936 ಆಗಸ್ಟ್ 19

ಉಮೆಕಾಜೆಗೆ ವಯಸ್ಸಾಯಿತಂತೆ. ಹೊಸ ಡೆಸ್ಟ್ರಾಯರ್‌ಗಳು ಬಂದಿವೆ, ನಮ್ಮ ಎರಡರಷ್ಟು ದೊಡ್ಡವು. ನಮಗೀಗ ಗುರಿಹಲಗೆ ಎಳೆಯುವ ಕೆಲಸ. ಹಗ್ಗದ ತುದಿಗೆ ಹಲಗೆ ಕಟ್ಟಿಕೊಂಡು ನಾವು ಮುಂದೆ, ಹೊಸಬರು ದೂರದಿಂದ ಹಲಗೆಗೆ ಗುಂಡು ಹೊಡೆಯುತ್ತಾರೆ. ಇವತ್ತು ಒಂದು ಗುಂಡು ಹಲಗೆ ಬಿಟ್ಟು ನಮ್ಮ ಹೊಗೆಕೊಳವೆಯ ಪಕ್ಕದಲ್ಲೇ ಹಾರಿತು. ಒನಿಜುಕಾ ಕೊಡೆ ಬಿಚ್ಚಿ ಹಿಡಿದು ನಿಂತ. ಹೊಸ ಹಡಗಿನವರಿಗೆ ಅವಮಾನವಾಗಿ ಕ್ಷಮೆಯ ಸಂದೇಶ ಕಳಿಸಿದರು. ಡೆಸ್ಟ್ರಾಯರ್ ಎಂಬ ಹೆಸರು ಹೊತ್ತು ಇದುವರೆಗೆ ನಾವು ನಾಶ ಮಾಡಿದ್ದು ನನ್ನ ತಟ್ಟೆಗಳನ್ನು ಮಾತ್ರ. ಹಾಗೇ ಇರಲಿ.

ಮನೆಯಿಂದ ಸುದ್ದಿ: ಮಗಳು ಹಮಾ ಶಾಲೆಗೆ ಹೋಗುವ ಮೊದಲು ಅಜ್ಜಿಯ ಭರಣಿಗೆ ಕೈ ಹಾಕುತ್ತಾಳಂತೆ. ಪಕ್ಕದಲ್ಲಿ ಯಾರೂ ಕೂರುವುದಿಲ್ಲವಂತೆ. ಪಾಪ.

1941 ಡಿಸೆಂಬರ್ 9

ಅಮೆರಿಕದ ಮೇಲೆ ಯುದ್ಧವಂತೆ. ಎಲ್ಲರೂ ಜಯಘೋಷ ಮಾಡಿದರು, ನಾನೂ ಮಾಡಿದೆ. ಗುರಿಹಲಗೆ ಬಿಚ್ಚಿಹಾಕಿ ಮತ್ತೆ ಟಾರ್ಪೆಡೊ ಏರಿಸುತ್ತಿದ್ದಾರೆ. ಮುದುಕಿಗೆ ಮತ್ತೆ ಮದುವೆ ಕಿಮೋನೊ ತೊಡಿಸಿದರು ಎಂದ ಒನಿಜುಕಾ. ಯಾರೂ ನಗಲಿಲ್ಲ.

1942 ನವೆಂಬರ್ 30

ಕಪ್ತಾನ್ ಟೊಕುನಾಗರ ಹಡಗು ದಕ್ಷಿಣದಲ್ಲಿ ಮುಳುಗಿತು. ಅವರೂ ಬರಲಿಲ್ಲ. ಆ ಬಿಸ್ಕತ್ತಿನ ಡಬ್ಬಿಯೂ.

ಅರ್ಧ ಬಟ್ಟಲು ಸಾಕೆ ಹಾಕಿದೆ.

1945 ಆಗಸ್ಟ್ 20

ಯುದ್ಧ ಮುಗಿಯಿತಂತೆ. ಎರಡೂವರೆ ವರ್ಷಕ್ಕಿಂತ ಹೆಚ್ಚಾಯಿತು, ಒಂದಕ್ಷರ ಬರೆದಿಲ್ಲ. ಕೈಯಾಡಿಸಿದೆ. ಅಷ್ಟೇ.

ಹಡಗಿನ ಮೂತಿ ಹಾರಿಹೋಗಿತ್ತು, ಚಪ್ಪಟೆ ತಗಡು ಹೊಡೆದು ಮುಚ್ಚಿದ್ದಾರೆ. ಮುಂದಿನ ಮೂಲೆಯಲ್ಲಿ ಮಲಗುತ್ತಿದ್ದವರ ಹೆಸರುಗಳನ್ನು ಬರೆಯಲು ಕೂತೆ, ಆಗಲಿಲ್ಲ. ಒನಿಜುಕಾ ಇದ್ದಾನೆ. ಎಡಗಿವಿ ಕೇಳಿಸುವುದಿಲ್ಲ, ಹುಬ್ಬು ಬೆಳ್ಳಗಾಗಿದೆ. ಅಡುಗೆಮನೆಯ ಎಡಮೂಲೆ ಇನ್ನೂ ತೊಟ್ಟಿಕ್ಕುತ್ತಿದೆ.

ಅಕ್ಟೋಬರ್ 2

ಕಿನುವಿನ ಪತ್ರ. ಮೂವರೂ ಬದುಕಿದ್ದಾರೆ. ಆಗಸ್ಟ್ ಎಂಟರಂದು ಪಕ್ಕದ ಯವಾತಾ ಮೇಲೆ ಬಾಂಬು ಬಿದ್ದಾಗ ಬೆಂಕಿ ನಮ್ಮ ಬೀದಿಗೂ ಬಂತು, ಮನೆ ಹೋಯಿತು. ಅತ್ತೆ ಶಿಗೆಯಮ್ಮ ತಮ್ಮ ಭರಣಿ ಎತ್ತಿಕೊಂಡೇ ಬರುತ್ತೇನೆ ಎಂದು ಹಟ ಹಿಡಿದರಂತೆ, ಹಮಾ ಬಲವಂತವಾಗಿ ಎಳೆದುಕೊಂಡು ಓಡಿದಳಂತೆ. ಮರುದಿನ ಹೋಗಿ ನೋಡಿದರೆ ಭರಣಿ ಸೀಳಿತ್ತು, ಒಳಗೆ ಕರಿ ಬೂದಿ.

‘ಅಂದಿನಿಂದ ಅಮ್ಮ ಸರಿಯಾಗಿ ಊಟ ಮಾಡ್ತಿಲ್ಲ, ಮಾತಿಲ್ಲ. ಬೆಳಿಗ್ಗೆ ಎದ್ದು ತೋಳು ಮಡಿಸಿ ಕಟ್ಟಿಕೊಳ್ಳುತ್ತಾರೆ, ಆಮೇಲೆ ಸುಮ್ಮನೆ ಕೂತುಬಿಡುತ್ತಾರೆ. ನಿಮ್ಮದು ಬದುಕಿದೆಯಾ? ಬದುಕಿದ್ದರೆ ತನ್ನಿ.’

ಬದುಕಿದೆ. ಇವತ್ತೇ ಹೊರಡುತ್ತೇನೆ ಎಂದು ಕೇಳಿದೆ. ರಜೆಯಿಲ್ಲ. ತೋಪು ಕಿತ್ತು, ಅಲ್ಲಿ ಹಲಗೆಮನೆ ಕಟ್ಟಿ, ದಕ್ಷಿಣದ ದ್ವೀಪಗಳಿಂದ ನಮ್ಮವರನ್ನು ಕರೆತರುವ ಕೆಲಸ ಉಮೆಕಾಜೆಗೆ. ಅಡುಗೆಯವನನ್ನು ಬಿಡುವುದಿಲ್ಲವಂತೆ.

ಅತ್ತೆ, ಸ್ವಲ್ಪ ತಡೆಯಿರಿ.

1946 ಫೆಬ್ರವರಿ 11. ಹಕಾತಾ ಬಂದರು

ಇದನ್ನು ಬರೆದಿಡಲೇಬೇಕು.

ಐದುನೂರು ಜನ ತುಂಬಿಕೊಂಡು ಬಂದೆವು, ನಿಲ್ಲಲು ಜಾಗವಿರಲಿಲ್ಲ. ಇದೇ ನನ್ನ ಕೊನೆಯ ಯಾನ, ಇಲ್ಲಿ ಇಳಿದರೆ ಬಿಡುಗಡೆ. ಇಳಿಯುವಲ್ಲಿ ಅಮೆರಿಕನ್ನರು. ಎಲ್ಲರ ಅಂಗಿಯೊಳಗೆ ಹೇನಿಗೆ ಬಿಳಿ ಪುಡಿ ಊದುತ್ತಾರೆ, ಗಂಟು ಬಿಚ್ಚಿಸುತ್ತಾರೆ. ಕೊಳೆತ ತಿನಿಸು ಸಿಕ್ಕಿದರೆ ನೀರಿಗೆ. ಕಣ್ಣೆದುರೇ ಒಬ್ಬನ ಒಣಮೀನಿನ ಕಂತೆ ಹೋಯಿತು. ನನ್ನ ಭರಣಿಯ ನಾತಕ್ಕೆ ಯಾವ ನ್ಯಾಯ ಸಿಕ್ಕೀತು. ದೇವರಗೂಡಿನ ನೆಪವೂ ಇಲ್ಲ, ಅದನ್ನು ಕಿತ್ತುಹಾಕಿ ತಿಂಗಳುಗಳಾದವು.

ಒನಿಜುಕಾ ಒಂದು ಬಿಳಿ ಬಟ್ಟೆ ತಂದ. ಭರಣಿಯನ್ನು ಸುತ್ತಿ ಗಂಟು ಹಾಕಿ ನನ್ನ ಕೊರಳಿಗೆ ಕಟ್ಟಿದ, ಎದೆಯ ಮೇಲೆ ತೂಗುವ ಹಾಗೆ. ಸತ್ತವರ ಅಸ್ಥಿಯನ್ನು ಹೀಗೆಯೇ ಹೊತ್ತು ತರುತ್ತಾರೆ. ಬೇಡ, ಪಾಪ ಬರುತ್ತದೆ ಎಂದೆ.

“ಒಂದು ಸಲ ದೇವರಾಯ್ತು. ಒಂದು ಸಲ ಹೆಣ ಆಗ್ಲಿ. ಏನಾಗತ್ತೆ, ನಡಿ.”

ಅಸ್ಥಿ ಹೊತ್ತವರ ಸಾಲಿನಲ್ಲಿ ನಿಂತೆ. ಅಮೆರಿಕನ್ ಹುಡುಗ ಪುಡಿಯ ಪಿಚಕಾರಿ ಕೆಳಗಿಳಿಸಿ ಟೋಪಿ ತೆಗೆದ. ಅವನ ಮೂಗು ಅರಳಿತು. ಕಣ್ಣಲ್ಲಿ ನೀರು ಬಂತು. ದುಃಖಕ್ಕೋ ನಾತಕ್ಕೋ ತಿಳಿಯಲಿಲ್ಲ. ಕೈಯಿಂದ ಮುಂದೆ ಹೋಗು ಎಂದ.

ದಾಟಿದ ಮೇಲೆ ಪಕ್ಕದ ಸಾಲಿನ ಸೈನಿಕ ನನ್ನ ಜೊತೆಗೇ ನಡೆದುಬಂದ. ಎಲುಬಿನ ಗೂಡು. ಅವನ ಕೊರಳಲ್ಲಿ ನಿಜವಾದ ಅಸ್ಥಿಪೆಟ್ಟಿಗೆ. ಮೂಸಿದ, ನನ್ನ ಗಂಟು ನೋಡಿದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿ ಎಂದೂ ಅನ್ನಿಸಿತು.

“ಅಣ್ಣಾ, ಈ ಪೆಟ್ಟಿಗೇಲಿರೋನು ತೌಡಿನ ಊರು ಕೊಕುರಾದವನು. ಸಾಯೋವರೆಗೂ ಇದನ್ನೇ ಕೇಳ್ತಿದ್ದ. ಒಂದು ಹೋಳು ಸಿಗತ್ತಾ?”

ದಾರಿಯ ಪಕ್ಕ ಕೂತು ಗಂಟು ಬಿಚ್ಚಿದೆ. ಒಂದು ಮೂಲಂಗಿ ಇತ್ತು. ಒನಿಜುಕಾ ಚಾಕು ಕೊಟ್ಟ. ಪೆಟ್ಟಿಗೆಯ ಮುಂದೆ ಒಂದು ಹೋಳು ಇಟ್ಟು ಮೂವರೂ ಬಗ್ಗಿದೆವು. ಆಮೇಲೆ ಮೂವರೂ ತಿಂದೆವು. ನಾನು ಬಹಳ ಅತ್ತೆ. ಒನಿಜುಕಾ, ಉಪ್ಪು ಇನ್ನೂ ಜಾಸ್ತಿಯಾಗುತ್ತೆ, ಭರಣಿ ಮುಚ್ಚು ಎಂದ.

ಫೆಬ್ರವರಿ 13. ವಕಮಾತ್ಸು

ರೈಲಿನಲ್ಲಿ ಸುತ್ತ ಜಾಗವೋ ಜಾಗ. ನನ್ನ ಹತ್ತಿರ ಯಾರೂ ಬರಲಿಲ್ಲ.

ಮನೆ ಎಂದರೆ ಈಗ ತಗಡಿನ ಗುಡಿಸಲು. ಕಿನು ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ನೋಡುವ ಮೊದಲು ಗಂಟು ನೋಡಿದಳು, ನಾನೂ ಮೊದಲು ಗಂಟನ್ನೇ ಮುಂದೆ ಚಾಚಿದೆ. ಆಮೇಲೆ ಇಬ್ಬರಿಗೂ ನಾಚಿಕೆಯಾಯಿತು.

ಅತ್ತೆ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಕೂತಿದ್ದರು. ಎಷ್ಟು ಚಿಕ್ಕವರಾಗಿಬಿಟ್ಟಿದ್ದಾರೆ. ಬಂದೆ ಅತ್ತೆ ಎಂದೆ. ತಿರುಗಲಿಲ್ಲ. ಭರಣಿ ಪಕ್ಕದಲ್ಲಿಟ್ಟು ಬಿಳಿ ಬಟ್ಟೆ ಬಿಚ್ಚಿದೆ, ಮುಚ್ಚಳ ತೆಗೆದೆ. ವಾಸನೆ ಗುಡಿಸಲು ತುಂಬಿತು.

ಬೆನ್ನು ಅಲುಗಿತು. ನಿಧಾನವಾಗಿ ತಿರುಗಿದರು. ತೋಳು ಆಗಲೇ ಕಟ್ಟಿತ್ತು. ಸೊಂಟ ಹಿಡಿದಿದೆ, ಆಗುವುದಿಲ್ಲ ಅಮ್ಮ ಎಂದು ಕಿನು ಭರಣಿ ಎತ್ತಿ ಹಿಡಿಯಲು ಹೋದಳು. ಕೈಯಿಂದಲೇ ತಡೆದರು. ಬಗ್ಗಿದರು. ಮೊಣಕೈವರೆಗೂ ಕೈ ಇಳಿಯಿತು, ತಳದಲ್ಲಿ ನಿಂತಿತು. ರಿವೆಟ್ ಸಿಕ್ಕಿರಬೇಕು. ಬೆರಳು ನೆಕ್ಕಿದರು.

“ಉಪ್ಪು ಜಾಸ್ತಿ.”

ಆರು ತಿಂಗಳ ಮೇಲೆ ಮೊದಲ ಮಾತಂತೆ. ಕಿನು ಅಳಲು ಶುರುಮಾಡಿದಳು. ಅತ್ತೆ ಮತ್ತೊಮ್ಮೆ ನೆಕ್ಕಿ, ಹುಬ್ಬು ಗಂಟಿಕ್ಕಿ, ಸಾಕೆ ಯಾಕೆ ನಿಲ್ಲಿಸಿದ್ದು, ನಿಮ್ಮ ಕಪ್ತಾನ್ ಎಲ್ಲಿ ಎಂದು ಕೇಳಿದರು. ಬರಲಿಲ್ಲ ಅತ್ತೆ ಎಂದೆ. ಮತ್ತೆ ಕೈಯಾಡಿಸತೊಡಗಿದರು.

“ಒಳ್ಳೆ ಮನುಷ್ಯ. ಬಗ್ಗೋದು ಗೊತ್ತಿತ್ತು.”

ರಾತ್ರಿ ಗಂಜಿ ಕುಡಿದರು. ಎರಡು ಬಟ್ಟಲು.

1948 ಸೆಪ್ಟೆಂಬರ್ 18

ಉಮೆಕಾಜೆ ನಮ್ಮೂರಿಗೇ ಬಂತು. ಹಗ್ಗ ಕಟ್ಟಿ ಎಳೆದು ತಂದರು, ಹಿಂದೆ ಅವಳು ಗುರಿಹಲಗೆ ಎಳೆದ ಹಾಗೆಯೇ. ಹೊಗೆಕೊಳವೆಯಿಲ್ಲ, ಕಂಬವಿಲ್ಲ, ಬರೀ ಒಡಲು. ಬಂದರಿನ ಬಾಯಿಗೆ ಅಡ್ಡ ನಿಲ್ಲಿಸಿ, ಕಲ್ಲು ತುಂಬಿ ಕೂರಿಸಿದರು. ಅಲೆ ತಡೆಯುವ ಗೋಡೆಯಂತೆ ಇನ್ನು. ಒನಿಜುಕಾ ಸಾಗಾದಿಂದ ಬಂದಿದ್ದ. ಇಬ್ಬರೂ ದಡದಲ್ಲಿ ಟೋಪಿ ತೆಗೆದು ನಿಂತೆವು. ಹದಿನೆಂಟು ವರ್ಷ ಅನ್ನ ಬೇಯಿಸಿದ ಮನೆಯ ಹೊಟ್ಟೆಗೆ ಕಲ್ಲು ಸುರಿಯುವುದನ್ನು ನೋಡುವುದು ಸುಲಭವಲ್ಲ.

ಮನೆಗೆ ಬಂದರೆ ಬೇರೆಯೇ ಗಲಾಟೆ. ಹಮಾಳನ್ನು ಕೇಳಿಕೊಂಡು ಒಬ್ಬ ಹುಡುಗ ಬಂದಿದ್ದಾನೆ. ಬಂದರಿನ ಕ್ರೇನ್ ಓಡಿಸುತ್ತಾನಂತೆ, ಕತ್ತು ನೆಟ್ಟಗೆ ಹಿಡಿದು ಕೂತಿದ್ದಾನೆ. ಅತ್ತೆ ಅವನ ಮುಂದೆ ಒಂದು ಚಿಕ್ಕ ಭರಣಿ ಇಟ್ಟಿದ್ದಾರೆ. ನಮ್ಮದರಲ್ಲಿ ಅರ್ಧ ತೌಡು ತೆಗೆದು ಅದಕ್ಕೆ ತುಂಬಿದ್ದಾರೆ. ಹುಡುಗ ಮೂಸಿ ನೋಡಿ ಮುಖ ಪಕ್ಕಕ್ಕೆ ತಿರುಗಿಸಿದ. ಬಾಗಿಲಿನ ಹಿಂದೆ ಹಮಾ ಕಿಸಕ್ಕನೆ ನಕ್ಕಳು. ಪಾಪ ಹುಡುಗ.

ಬದನೆಗೆ ಕಬ್ಬಿಣ ಬೇಕಲ್ಲ, ಆ ರಿವೆಟ್ ಅವನಿಗೆ ಕೊಡು ಎಂದರು ಅತ್ತೆ. ಕೊಡುವುದಿಲ್ಲ ಎಂದೆ. ಇಷ್ಟು ವರ್ಷದಲ್ಲಿ ಅವರಿಗೆ ಎದುರು ಮಾತಾಡಿದ್ದು ಇದೇ ಮೊದಲು. ಎಲ್ಲರೂ ನನ್ನನ್ನೇ ನೋಡಿದರು. ಅತ್ತೆ ಕೋಪಿಸಿಕೊಳ್ಳಲಿಲ್ಲ, ಹಾಗಾದರೆ ಇನ್ನೊಂದು ತಾ ಎಂದು ಕಿಟಕಿಯ ಕಡೆ ಗಲ್ಲ ಎತ್ತಿ ತೋರಿಸಿದರು. ಅಲ್ಲಿಂದ ಉಮೆಕಾಜೆ ಕಾಣುತ್ತದೆ.

ಒನಿಜುಕಾ ಆಗಲೇ ಪಕ್ಕದ ಮನೆಯಿಂದ ಸುತ್ತಿಗೆ, ಉಳಿ ಕೇಳಿ ತಂದಿದ್ದಾನೆ. ಸರ್ಕಾರದ ಸೊತ್ತು, ಹಿಡಿದರೆ ಏನು ಮಾಡುವುದು ಎಂದೆ. ಕೇಳಿಸದ ಕಿವಿ ನನ್ನ ಕಡೆ ತಿರುಗಿಸಿದ. ಆಮೇಲೆ ತಾನೇ ಹೇಳಿದ:

“ಈಗ ಎಷ್ಟು ಕಿತ್ರೂ ಮುಳುಗಲ್ಲ ಕಣೋ.”

ನೀರು ಇಳಿದಿದೆ, ಗೋಡೆಯ ಮೇಲೆ ನಡೆದೇ ಹೋಗಬಹುದು. ಅಡುಗೆಮನೆಯ ಎಡಮೂಲೆ ಎಲ್ಲಿತ್ತೆಂದು ನನಗೆ ಗೊತ್ತು, ಅಂದು ಕಿತ್ತದ್ದರ ಪಕ್ಕದ ರಿವೆಟ್ಟನ್ನೇ ಕಿತ್ತು ತರುತ್ತೇನೆ. ಒನಿಜುಕಾ ಹೊರಗೆ ನಿಂತು ಕೆಮ್ಮುತ್ತಿದ್ದಾನೆ. ಬಂದೆ ಮಾರಾಯ. ಈ ಗಲಾಟೆಯಲ್ಲಿ ಇವತ್ತು ಇನ್ನೂ ಕೈಯಾಡಿಸಿಯೇ ಇಲ್ಲ—